ಹಳೆ ಡೇಟಾಬೇಸಿನ ಹೊಟ್ಟೆಯೊಳಗೆ ಏನಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆ ಡೇಟಾಬೇಸ್ ಬಿಟ್ಟು ಹೊಸದಕ್ಕೆ ಹೋಗುವವರವು. ಬಹುತೇಕ ಎಲ್ಲರೂ ‘ಯಾವ ಟೂಲ್ ಬಳಸಲಿ?’ ಎಂದೇ ಕೇಳಿದ್ದಾರೆ. ಟೂಲ್ ಆಮೇಲಿನ ಮಾತು. ಟೇಬಲಿನ ವ್ಯಾಖ್ಯೆ ಏನು ಹೇಳುತ್ತದೆ, ಅದರೊಳಗಿನ ಸಾಲುಗಳು ಏನು ಹೇಳುತ್ತವೆ ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡುವುದು ಮೊದಲ ಕೆಲಸ. ಹತ್ತು ವರ್ಷ ದುಡಿದ ಡೇಟಾಬೇಸಿನಲ್ಲಿ ಈ ಎರಡೂ ಒಂದೇ ಮಾತು ಹೇಳುವುದು ಅಪರೂಪ.

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ ಭತ್ತ ಖರೀದಿ, ತೂಕದ ಚೀಟಿ, ಪಾರ್ಟಿ ಲೆಕ್ಕ ಎಲ್ಲವೂ ಮೈಕ್ರೋಸಾಫ್ಟಿನ ಆಕ್ಸೆಸ್ 2003 ಡೇಟಾಬೇಸಿನ ಎಂಡಿಬಿ ಫೈಲಿನಲ್ಲಿವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಹೋಗಬೇಕೆಂದಿದ್ದೇವೆ. ಬರೆದುಕೊಟ್ಟವರು ಊರು ಬಿಟ್ಟಿದ್ದಾರೆ, ಕಾಗದಪತ್ರ ಒಂದೂ ಇಲ್ಲ. ಎಲ್ಲಿಂದ ಶುರು ಮಾಡುವುದು? (ಗಂಗಾವತಿ)

ಫೈಲಿನ ನಕಲಿನಿಂದ. ಅಸಲಿಯನ್ನು ತೆರೆಯಲೇಬೇಡಿ. ನಕಲು ಮಾಡುವ ಮುನ್ನ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಎಲ್‌ಡಿಬಿ ಫೈಲ್ ಇದೆಯೇ ನೋಡಿ. ಇದ್ದರೆ ಯಾರೋ ಇನ್ನೂ ಒಳಗಿದ್ದಾರೆ ಎಂದರ್ಥ, ಕಾಟಾ ಮನೆಯ ಕಂಪ್ಯೂಟರೂ ಸೇರಿ ಎಲ್ಲರೂ ಹೊರಬಂದ ಮೇಲೆ ನಕಲು ಮಾಡಿ. ಫೈಲಿನ ಗಾತ್ರವನ್ನೂ ಬರೆದಿಟ್ಟುಕೊಳ್ಳಿ. ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ, ಅದರ ಹತ್ತಿರ ಬಂದಿದ್ದರೆ ಕಾಂಪ್ಯಾಕ್ಟ್ ಮಾಡುವುದೂ ನಕಲಿನ ಮೇಲೆಯೇ.

ಮುಂದಿನದು, ನಿಮ್ಮ ಕೈಯಲ್ಲಿರುವ ಫೈಲಿನಲ್ಲಿ ನಿಜವಾಗಿ ಡೇಟಾ ಇದೆಯೇ ಎಂಬುದು. ಆಕ್ಸೆಸ್ ಬಳಸುವ ಕಡೆಗಳಲ್ಲಿ ಫಾರ್ಮುಗಳು ಒಂದು ಫೈಲಿನಲ್ಲಿ, ಟೇಬಲುಗಳು ಇನ್ನೊಂದರಲ್ಲಿ ಇರುವುದು ರೂಢಿ. ನ್ಯಾವಿಗೇಶನ್ ಆಪ್ಶನ್ಸ್‌ನಲ್ಲಿ ಸಿಸ್ಟಮ್ ಆಬ್ಜೆಕ್ಟುಗಳನ್ನು ತೋರಿಸು ಎಂದು ಗುರುತು ಹಾಕಿದರೆ ‘ಎಂಸಿಸ್‌ಆಬ್ಜೆಕ್ಟ್ಸ್’ ಎಂಬ ಅಡಗಿದ ಟೇಬಲ್ ಕಾಣುತ್ತದೆ. ಅದರ ಟೈಪ್ ಕಾಲಮಿನಲ್ಲಿ 1 ಇದ್ದರೆ ಟೇಬಲ್ ಇದೇ ಫೈಲಿನೊಳಗಿದೆ. 6 ಇದ್ದರೆ ಬೇರೆ ಫೈಲಿನಿಂದ, 4 ಇದ್ದರೆ ಓಡಿಬಿಸಿ (ಬೇರೆ ಡೇಟಾಬೇಸಿಗೆ ಕೊಂಡಿ ಹಾಕುವ ವ್ಯವಸ್ಥೆ) ಮೂಲಕ ಬಂದದ್ದು. 5 ಎಂದರೆ ಕ್ವೆರಿ, ಅಂದರೆ ಡೇಟಾ ಕೇಳುವ ಆಜ್ಞೆ. 6 ಕಂಡರೆ ಪಕ್ಕದ ‘ಡೇಟಾಬೇಸ್’ ಕಾಲಮಿನಲ್ಲಿ ಆ ಫೈಲಿನ ದಾರಿ ಸಿಗುತ್ತದೆ. ಒಂದೇ ಫಾರ್ಮ್ ಫೈಲಿಗೆ ಮೂರು ಹಳೆ ಫೈಲುಗಳು ಕೊಂಡಿಯಾಗಿರುವುದೂ ಉಂಟು.

ಇಷ್ಟಾದ ಮೇಲೆ ಡೇಟಾಬೇಸ್ ಟೂಲ್ಸ್‌ನಲ್ಲಿರುವ ಡೇಟಾಬೇಸ್ ಡಾಕ್ಯುಮೆಂಟರ್ ಓಡಿಸಿ ಟೇಬಲ್, ಕ್ವೆರಿ, ಸಂಬಂಧ ಎಲ್ಲವನ್ನೂ ಮುದ್ರಿಸಿಕೊಳ್ಳಿ. ಆಕ್ಸೆಸ್ ಇಲ್ಲದಿದ್ದರೆ ಲಿನಕ್ಸ್‌ನ ಎಂಡಿಬಿ ಟೂಲ್ಸ್ ಸಾಕು, ಅದರ ‘ಎಂಡಿಬಿ ಸ್ಕೀಮಾ’ ಪೋಸ್ಟ್‌ಗ್ರೆಸ್‌ಗೆ ಹೊಂದುವ ವ್ಯಾಖ್ಯೆಯನ್ನೇ ಬರೆದು ಕೊಡುತ್ತದೆ. ಆದರೆ ಫಾರ್ಮಿನ ಹಿಂದಿರುವ ವಿಬಿಎ ಭಾಷೆಯ ಕೋಡ್ ಅದರಲ್ಲಿ ಬರುವುದಿಲ್ಲ, ಮತ್ತು ಹಮಾಲಿ, ಕಮಿಷನ್, ಚೀಲದ ತೂಕ ಕಳೆಯುವ ಲೆಕ್ಕ ಬಹುಪಾಲು ಅಲ್ಲೇ ಕುಳಿತಿರುತ್ತದೆ. ಉಳಿಸಿಟ್ಟ ಕ್ವೆರಿಗಳನ್ನು ಒಂದೊಂದಾಗಿ ಓದಿ. ಅವು ಲೆಕ್ಕದ ನಿಯಮಗಳ ಏಕೈಕ ಬರಹ ಆಗಿರಬಹುದು.

ಸಂಬಂಧಗಳ ಚಿತ್ರದಲ್ಲಿ ಗೆರೆಯ ಎರಡು ತುದಿಗೆ 1 ಮತ್ತು ಅನಂತದ ಚಿಹ್ನೆ ಇದ್ದರೆ ಮಾತ್ರ ಆಕ್ಸೆಸ್ ಆ ಸಂಬಂಧವನ್ನು ಕಾಯುತ್ತದೆ. ಬರೀ ಸಪೂರ ಗೆರೆ ಇದ್ದರೆ ಅದು ನೆನಪಿಗೆ ಎಳೆದದ್ದಷ್ಟೇ, ಪಾರ್ಟಿ ಅಳಿಸಿದರೂ ಅವರ ಚೀಟಿಗಳು ಅನಾಥವಾಗಿ ಉಳಿದಿರುತ್ತವೆ. ಅನಾಥ ಸಾಲುಗಳನ್ನು ಈಗಲೇ ಎಣಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಫಾರಿನ್ ಕೀ (ಒಂದು ಟೇಬಲಿನ ಮೌಲ್ಯ ಇನ್ನೊಂದರಲ್ಲಿ ಇರಲೇಬೇಕೆಂಬ ಕಟ್ಟು) ಹಾಕುವ ಹೊತ್ತಿಗೆ ಅವು ಒಂದೇ ಒಂದು ಇದ್ದರೂ ಇಡೀ ಆಜ್ಞೆ ನಿಲ್ಲುತ್ತದೆ.

ಕಾಲಮುಗಳಲ್ಲಿ ನಾಲ್ಕು ಕಡೆ ಕಣ್ಣಿಡಿ. ಕರೆನ್ಸಿ ಎಂಬ ಬಗೆ ನಾಲ್ಕು ದಶಮಾಂಶ ಸ್ಥಾನ ಇಟ್ಟುಕೊಳ್ಳುತ್ತದೆ, ಅದಕ್ಕೆ ನ್ಯೂಮರಿಕ್ 19,4 ಕೊಡಿ, ದಶಮಾಂಶವನ್ನು ಅಂದಾಜಿನಲ್ಲಿಡುವ ಫ್ಲೋಟ್ ಕೊಡಬೇಡಿ. ಹೌದು/ಇಲ್ಲ ಕಾಲಮಿನಲ್ಲಿ ‘ಹೌದು’ ಎಂಬುದು -1, ಹೊಸ ಕ್ವೆರಿ 1ಕ್ಕೆ ಸಮ ಎಂದು ಹುಡುಕಿದರೆ ಏನೂ ಸಿಗದು. ಲುಕಪ್ ಕಾಲಮಿನಲ್ಲಿ ತೆರೆಯ ಮೇಲೆ ‘ಸೋನಾ ಮಸೂರಿ’ ಎಂದು ಕಂಡರೂ ಒಳಗಿರುವುದು 7 ಎಂಬ ಸಂಖ್ಯೆ ಇರಬಹುದು. ಇನ್ನು ತೂಕದ ವೇಳೆ: ದಿನಾಂಕ ಕೊಡದೆ ಬರೀ ಗಂಟೆ ತುಂಬಿದ್ದರೆ ಆಕ್ಸೆಸ್ ಅದಕ್ಕೆ ತನ್ನ ಶೂನ್ಯ ದಿನವನ್ನು ಅಂಟಿಸಿರುತ್ತದೆ. ಹೊಸ ಡೇಟಾಬೇಸಿನಲ್ಲಿ ನಿಮ್ಮ ಲಾರಿಗಳೆಲ್ಲ 30 ಡಿಸೆಂಬರ್ 1899ರಂದು ತೂಗಿಸಿಕೊಂಡಂತೆ ಕಾಣುತ್ತವೆ. ಅಂಥ ಕಾಲಮಿಗೆ ಟೈಮ್ ಬಗೆ ಕೊಡಿ.

ಈಗ ಸಾಲುಗಳನ್ನು ಕೇಳುವ ಹೊತ್ತು. ಪ್ರತಿ ಕಾಲಮಿಗೂ ಆರು ಅಂಕಿ ತೆಗೆಯಿರಿ: ಒಟ್ಟು ಸಾಲು, ಖಾಲಿ ಎಷ್ಟು, ಬೇರೆಬೇರೆ ಮೌಲ್ಯ ಎಷ್ಟು, ಕನಿಷ್ಠ, ಗರಿಷ್ಠ, ಅತಿ ಉದ್ದದ ಪಠ್ಯ ಎಷ್ಟು ಅಕ್ಷರ. ‘ದರ’ ಎಂಬ ಒಂದು ಕಾಲಮನ್ನೇ ತೆಗೆದುಕೊಳ್ಳಿ. ಅದರಲ್ಲಿ 1,800 ಮತ್ತು 2,400 ಎರಡೂ ಇವೆ ಎನ್ನೋಣ. ನಮ್ಮ ಕಡೆ ಭತ್ತದ ಮಾತುಕತೆ 75 ಕಿಲೋ ಚೀಲದ ಲೆಕ್ಕದಲ್ಲಿ, ಕಾಗದ ಕ್ವಿಂಟಲಿನ ಲೆಕ್ಕದಲ್ಲಿ. ಚೀಲಕ್ಕೆ 1,800 ಎಂದರೆ ಕ್ವಿಂಟಲಿಗೆ 2,400: ಎರಡೂ ಒಂದೇ ದರ. ಯಾವ ಸಾಲಿನದು ಯಾವ ಅಳತೆ ಎಂದು ಹೇಳುವ ಇನ್ನೊಂದು ಕಾಲಮ್ ಇದೆಯೇ, ಅಥವಾ ಫಾರ್ಮಿನ ಕೋಡ್ ಗುಣಾಕಾರ ಮಾಡಿಕೊಳ್ಳುತ್ತಿದೆಯೇ? ಇದಕ್ಕೆ ಉತ್ತರ ಸಿಗದೆ ಆ ಕಾಲಮನ್ನು ಸಾಗಿಸಬೇಡಿ. ಯಾವ ಟೂಲೂ ಇದನ್ನು ಹಿಡಿಯಲಾರದು, ಗಿರಣಿಯ ಗುಮಾಸ್ತರು ಹಿಡಿಯುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಪ್ರಶ್ನೆ: ಜೀನ್ಸ್ ಹೊಲಿಯುವ ಘಟಕದ ಉತ್ಪಾದನಾ ಲೆಕ್ಕ ಮೈಎಸ್‌ಕ್ಯೂಎಲ್ 5.7ರಲ್ಲಿದೆ. ಪಿಜಿಲೋಡರ್ ಎಂಬ ಸಾಗಣೆಯ ಟೂಲ್ ಬಳಸಿ ಪೋಸ್ಟ್‌ಗ್ರೆಸ್‌ಗೆ ಒಮ್ಮೆ ಸಾಗಿಸಿ ನೋಡಿದೆ, ಎರರ್ ಬರಲಿಲ್ಲ. ಇನ್ನೂ ನೋಡುವುದೇನಾದರೂ ಇದೆಯೇ? (ಬಳ್ಳಾರಿ)

ಎರರ್ ಬಾರದಿರುವುದೇ ಹೆಚ್ಚು ಹುಷಾರಾಗಿ ನೋಡಬೇಕಾದ ಸಂಗತಿ. ಪಿಜಿಲೋಡರ್ ರೂಢಿಯಂತೆ ಟೈನಿಇಂಟ್ 1 (ಸಣ್ಣ ಪೂರ್ಣಾಂಕ) ಎಂದಿರುವ ಕಾಲಮನ್ನು ಬೂಲಿಯನ್ (ಟ್ರೂ, ಫಾಲ್ಸ್ ಎರಡೇ ಹಿಡಿಯುವ ಬಗೆ) ಮಾಡುತ್ತದೆ, ಸೊನ್ನೆ ಬಿಟ್ಟು ಉಳಿದದ್ದೆಲ್ಲ ‘ಟ್ರೂ’. ಆದರೆ ಆ 1 ತೋರಿಸುವ ಅಗಲ ಮಾತ್ರ, ಅದು ಮೌಲ್ಯವನ್ನು ಕಟ್ಟಿಹಾಕುವುದಿಲ್ಲ. ಕಟಿಂಗ್ 0, ಹೊಲಿಗೆ 1, ವಾಷಿಂಗ್ 2, ಫಿನಿಶಿಂಗ್ 3 ಎಂದು ಯಾರಾದರೂ ಅದರಲ್ಲಿ ಹಂತಗಳನ್ನು ತುಂಬಿದ್ದರೆ ಕಟಿಂಗ್ ಬಿಟ್ಟು ಮೂರೂ ಹಂತ ಸದ್ದಿಲ್ಲದೆ ಒಂದಾಗಿವೆ. ಡೇಟಾಬೇಸ್ ತನ್ನ ಟೇಬಲುಗಳ ವಿವರ ಇಟ್ಟುಕೊಳ್ಳುವ ಇನ್ಫರ್ಮೇಶನ್ ಸ್ಕೀಮಾದ ಕಾಲಮ್ಸ್ ಟೇಬಲಿನಿಂದ ಅಂಥ ಕಾಲಮುಗಳ ಪಟ್ಟಿ ತೆಗೆದು, ಒಂದೊಂದರಲ್ಲೂ 1ಕ್ಕಿಂತ ದೊಡ್ಡ ಅಥವಾ 0ಗಿಂತ ಸಣ್ಣ ಮೌಲ್ಯ ಇದೆಯೇ ಎಣಿಸಿ. ಇದ್ದದ್ದನ್ನು ಸ್ಮಾಲ್‌ಇಂಟ್ ಆಗಿ ಸಾಗಿಸಲು ಲೋಡರಿಗೆ ಹೇಳಿ.

ಅದೇ ಸ್ಕೀಮಾದ ಟೇಬಲ್ಸ್ ಎಂಬ ಪಟ್ಟಿಯಲ್ಲಿ ಎಂಜಿನ್ (ಸಾಲುಗಳನ್ನು ಇಡುವ ಒಳ ವ್ಯವಸ್ಥೆ) ಕಾಲಮ್ ನೋಡಿ. ಮೈಐಸ್ಯಾಮ್ ಎಂದಿದ್ದರೆ ಫಾರಿನ್ ಕೀ ಬರೆದಿದ್ದರೂ ಅದು ಬರೆದದ್ದನ್ನು ಓದಿ ಮರೆತುಬಿಟ್ಟಿರುತ್ತದೆ. ಅಲ್ಲೇ ಇರುವ ‘ಟೇಬಲ್ ರೋಸ್’ ಎಂಬ ಸಾಲುಗಳ ಅಂಕಿಯನ್ನು ನಂಬಿ ತಾಳೆ ನೋಡಬೇಡಿ. ಇನ್ನೋಡಿಬಿ ಎಂಬ ಎಂಜಿನಿನಲ್ಲಿ ಅದು ಅಂದಾಜು, ನಿಜದ ಎಣಿಕೆಗಿಂತ 40ರಿಂದ 50 ಪ್ರತಿಶತದವರೆಗೂ ತಪ್ಪಬಹುದು. ತಾಳೆಗೆ ಪ್ರತಿ ಟೇಬಲಿನ ಮೇಲೂ ಕೌಂಟ್ ಓಡಿಸಲೇಬೇಕು.

ಮೊಬೈಲ್ ಸಂಖ್ಯೆಯ ಕಾಲಮ್ ಇಂಟ್ ಆಗಿದೆಯೇ? ಹಾಗಿದ್ದರೆ 2147483647 ಎಂಬ ಸಂಖ್ಯೆ ಎಷ್ಟು ಸಾಲಿನಲ್ಲಿದೆ ಎಂದು ಎಣಿಸಿ. ಇಂಟ್ ಹಿಡಿಯುವ ಗರಿಷ್ಠ ಅದು. ತಪ್ಪು ಮೌಲ್ಯವನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಒಂಬತ್ತರಿಂದ ಶುರುವಾಗುವ ಹತ್ತಂಕಿಯ ಮೊಬೈಲನ್ನು ಅಲ್ಲಿಗೇ ಕತ್ತರಿಸಿ ಇಟ್ಟಿರುತ್ತದೆ. ಆ ಸಂಖ್ಯೆಗಳು ಹೋದಂತೆಯೇ, ಹೊಲಿಗೆಯವರ ಹಾಜರಿ ಪುಸ್ತಕದಿಂದ ಮತ್ತೆ ತುಂಬಬೇಕು. ಮೊಬೈಲ್, ಪಿನ್ ಕೋಡ್, ಬ್ಯಾಂಕ್ ಖಾತೆ ಎಲ್ಲವೂ ಪಠ್ಯವಾಗಿರಲಿ, ಅವುಗಳ ಮೇಲೆ ಯಾರೂ ಕೂಡು ಕಳೆ ಮಾಡುವುದಿಲ್ಲ. ಅನ್‌ಸೈನ್ಡ್ ಇಂಟ್ (ಋಣ ಸಂಖ್ಯೆ ಇಲ್ಲದ ಪೂರ್ಣಾಂಕ) ಪೋಸ್ಟ್‌ಗ್ರೆಸ್‌ನಲ್ಲಿಲ್ಲ, ಅದಕ್ಕೆ ಬಿಗ್‌ಇಂಟ್ ಕೊಡಿ. 0000-00-00 ಎಂಬ ದಿನಾಂಕ ನಲ್ (ಖಾಲಿ) ಆಗಿ ಬಂದಿರುತ್ತದೆ. ‘ಇನ್ನೂ ಡೆಲಿವರಿ ಆಗಿಲ್ಲ’ ಎಂಬುದಕ್ಕೆ ನಿಮ್ಮ ಪ್ರೋಗ್ರಾಂ ಅದೇ ಸೊನ್ನೆಯನ್ನು ಹುಡುಕುತ್ತಿದ್ದರೆ ಆ ವರದಿ ಕೆಲಸ ಮಾಡುವುದಿಲ್ಲ.

ಸ್ಕೀಮಾ (ಟೇಬಲುಗಳ ವ್ಯಾಖ್ಯೆ) ತೆಗೆಯುವಾಗ ಮೈಎಸ್‌ಕ್ಯೂಎಲ್‌ಡಂಪ್ ತಾನಾಗಿ ಟ್ರಿಗರುಗಳನ್ನು (ಸಾಲು ಬದಲಾದಾಗ ಓಡುವ ಕೋಡ್) ಕೊಡುತ್ತದೆ, ಪ್ರೊಸೀಜರ್ (ಉಳಿಸಿಟ್ಟ ಕೋಡ್) ಮತ್ತು ಈವೆಂಟುಗಳನ್ನು (ಹೊತ್ತಿಗೆ ಸರಿಯಾಗಿ ಓಡುವ ಕೋಡ್) ಕೊಡುವುದಿಲ್ಲ. ರೂಟೀನ್ಸ್, ಈವೆಂಟ್ಸ್ ಎಂಬ ಎರಡು ಆಯ್ಕೆಗಳನ್ನು ನೀವೇ ಸೇರಿಸಬೇಕು. ರಾತ್ರಿ ತಾನಾಗಿ ಓಡುವ ಲೆಕ್ಕವೊಂದು ಈವೆಂಟ್ ಆಗಿದ್ದರೆ, ಅದು ಸಾಗಲಿಲ್ಲ ಎಂದು ಗೊತ್ತಾಗುವುದು ತಿಂಗಳ ಕೊನೆಗೆ. ಸಾಲು ಬದಲಾದಾಗ ವೇಳೆ ತಾನೇ ಬದಲಾಗುವ ‘ಆನ್ ಅಪ್‌ಡೇಟ್’ ಕಾಲಮುಗಳಿಗೂ ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ ಬೇಕು, ಅಂಥವನ್ನು ಎಣಿಸಿ ಇಡಿ.

ಕ್ವೆರಿಗಳಲ್ಲಿ ಮೂರು ಮಾತು. ಮೈಎಸ್‌ಕ್ಯೂಎಲ್‌ನಲ್ಲಿ 7 ಭಾಗಿಸು 2 ಎಂದರೆ 3.5, ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಪೂರ್ಣಾಂಕವಾದರೆ 3. ಡಜನ್ ಲೆಕ್ಕದ ಕೂಲಿ ಇಲ್ಲಿ ಮುರಿಯುತ್ತದೆ: 30 ಪ್ಯಾಂಟ್ ಹೊಲಿದವರಿಗೆ ಎರಡೂವರೆ ಡಜನ್ ಬದಲು ಎರಡೇ ಡಜನ್ ಕೂಲಿ. ಸಣ್ಣಕ್ಷರ ದೊಡ್ಡಕ್ಷರ ಒಂದೇ ಎಂದು ಹೋಲಿಸುವ ಮೈಎಸ್‌ಕ್ಯೂಎಲ್ ರೂಢಿ ಅಲ್ಲಿಲ್ಲ, ಲಾಗಿನ್ ಹೆಸರುಗಳಲ್ಲಿ ತೊಡಕು ಬರುತ್ತದೆ. ಏರಿಕೆ ಕ್ರಮದಲ್ಲಿ ನಲ್‌ಗಳು ಮೈಎಸ್‌ಕ್ಯೂಎಲ್‌ನಲ್ಲಿ ಮೊದಲು, ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಗೆ.

ಪ್ರಶ್ನೆ: ಸಹಕಾರ ಸಂಘದ ಸದಸ್ಯರ ಹೆಸರುಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಮೈಎಸ್‌ಕ್ಯೂಎಲ್‌ನಲ್ಲಿ ಇಟ್ಟಿದ್ದಾರೆ. ಈಚಿನ ವರ್ಷಗಳದ್ದು ಯೂನಿಕೋಡ್ ಅಂತೆ. ಹೊಸ ಡೇಟಾಬೇಸಿಗೆ ಹಾಗೇ ಸಾಗಿಸಿ ಆಮೇಲೆ ಪರಿವರ್ತಿಸಬಹುದೇ? (ಕೊಪ್ಪಳ)

ಸಾಗಿಸಬಹುದು, ಆದರೆ ಯಾವ ಸಾಲು ಯಾವುದು ಎಂದು ಈಗಲೇ ವಿಂಗಡಿಸಿಕೊಂಡರೆ ಮಾತ್ರ. ನುಡಿಯ ಹಳೆ ಫಾಂಟಿನಲ್ಲಿ ಬರೆದ ಪಠ್ಯ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ‘ಕನ್ನಡ’ ಎಂಬ ಪದ ಅಲ್ಲಿ ಏಳು ಚಿಹ್ನೆ: ದೊಡ್ಡಕ್ಷರದ ಪಿ, ಮೇಲೊಂದು ಓರೆಗೆರೆ ಇರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನಿನ ಜೋಡಿ ಎಸ್, ಸಣ್ಣಕ್ಷರದ ಕ್ಯೂ, ಮತ್ತೆ ಅದೇ ಎ. ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಯಾವ ಫಾಂಟ್ ಎಂಬ ಮಾಹಿತಿ ಟೇಬಲಿನಲ್ಲಿ ಎಲ್ಲೂ ಇರುವುದಿಲ್ಲ, ಫಾರ್ಮಿನಲ್ಲೋ ವರದಿಯಲ್ಲೋ ಇರುತ್ತದೆ. ಹಳೆ ಪ್ರೋಗ್ರಾಂ ಅಳಿಸುವ ಮುನ್ನ ಪ್ರತಿ ಪರದೆಯ ಫಾಂಟ್ ಹೆಸರನ್ನು ಬರೆದಿಟ್ಟುಕೊಳ್ಳಿ.

ವಿಂಗಡಣೆ ಹೀಗೆ. ಪ್ರತಿ ಪಠ್ಯ ಕಾಲಮಿನಲ್ಲೂ ಮೂರು ರಾಶಿ ಮಾಡಿ. ಯೂನಿಕೋಡಿನ ಕನ್ನಡ ವಲಯ 128 ಸ್ಥಾನಗಳದು, ಅದರ ಒಂದಾದರೂ ಅಕ್ಷರ ಇರುವ ಸಾಲು ಮೊದಲ ರಾಶಿ. 128ರಿಂದ 255ರೊಳಗಿನ ಸಂಕೇತ ಇರುವ ಸಾಲು ಎರಡನೆಯದು, ಬಹುಪಾಲು ನುಡಿ. ಬರೀ ಇಂಗ್ಲಿಷ್ ಅಕ್ಷರ, ಅಂಕಿ ಇರುವುದು ಮೂರನೆಯದು. ಮೊದಲೆರಡೂ ಬೆರೆತ ಸಾಲು ಸಿಕ್ಕರೆ ಬೇರೆ ಇಟ್ಟು ಕೈಯಲ್ಲಿ ನೋಡಿ. ರಾಶಿಯ ಹೆಸರನ್ನು ಹೊಸ ಕಾಲಮಿನಲ್ಲಿ ದಾಖಲಿಸಿ. ಪರಿವರ್ತಕ ಎರಡನೇ ರಾಶಿಯ ಮೇಲೆ ಮಾತ್ರ ಓಡಲಿ. ಇಡೀ ಕಾಲಮಿನ ಮೇಲೆ ಓಡಿಸಿದರೆ ಇಂಗ್ಲಿಷಿನಲ್ಲಿದ್ದ ಬ್ಯಾಂಕ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಮೂಲ ಪಠ್ಯದ ಕಾಲಮನ್ನು ಕನಿಷ್ಠ ಒಂದು ಆಡಿಟ್ ಮುಗಿಯುವವರೆಗೆ ಉಳಿಸಿಕೊಳ್ಳಿ.

ಹಾಳಾದ ಸಾಲುಗಳೂ ಇರುತ್ತವೆ. ಯಾರಾದರೂ ಆ ಕಾಲಮಿನ ಮೇಲೆ ‘ಅಪ್ಪರ್’ ಓಡಿಸಿದ್ದರೆ ಸಣ್ಣಕ್ಷರದ ಕ್ಯೂ ದೊಡ್ಡದಾಗಿ, ‘ಡ’ ಇದ್ದಲ್ಲಿ ‘ಕಿ’ ಬಂದು ಕೂತಿರುತ್ತದೆ. ಇನ್ನೊಂದು ಕಣ್ಣಿಗೆ ಬೀಳುವುದೇ ಇಲ್ಲ. 5.7ರವರೆಗೆ ಮೈಎಸ್‌ಕ್ಯೂಎಲ್‌ನ ರೂಢಿಯ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಲ್ಯಾಟಿನ್1 ಸ್ವೀಡಿಷ್. ಅದು ಓರೆಗೆರೆಯ ಎಡ ಬಲ ಭೇದ ಮಾಡುವುದಿಲ್ಲ. ನುಡಿಯಲ್ಲಾದರೋ ಒಂದು ಗೆರೆಯ ಎ ಎಂದರೆ ತಲೆಕಟ್ಟು, ಇನ್ನೊಂದು ಗೆರೆಯ ಎ ಎಂದರೆ ದೀರ್ಘ. ‘ಕರ’ ಮತ್ತು ‘ಕಾರ’ ಆ ಕೊಲೇಶನ್ನಿಗೆ ಒಂದೇ ಪದ! ಬೇರೆಬೇರೆ ಹೆಸರು ಎಷ್ಟಿವೆ ಎಂದು ಎಣಿಸಿದಾಗ ಕಡಿಮೆ ಬರುತ್ತದೆ, ಹೆಸರಿನ ಮೇಲೆ ಜೋಡಿಸಿದ ವರದಿ ಒಬ್ಬರ ಸಾಲವನ್ನು ಇನ್ನೊಬ್ಬರಿಗೆ ಕೂಡಿಸುತ್ತದೆ. ಪರಿಶೀಲನೆಯ ಪ್ರತಿ ಕ್ವೆರಿಯಲ್ಲೂ ಬೈನರಿ (ಸಂಕೇತಕ್ಕೆ ಸಂಕೇತ) ಹೋಲಿಕೆ ಬಳಸಿ.

ಯೂನಿಕೋಡ್ ಸಾಲುಗಳೂ ಪೂರ್ತಿ ನಿಶ್ಚಿಂತೆ ಅಲ್ಲ. ‘ಕೊಪ್ಪಳ’ದ ‘ಕೊ’ದಲ್ಲಿರುವ ಒತ್ವ ಒಂದೇ ಸಂಕೇತವಾಗಿರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡಾಗಿಯೂ ಇರಬಹುದು. ಮೊದಲನೆಯದರಲ್ಲಿ ಊರಿನ ಹೆಸರು 6 ಸಂಕೇತ, ಎರಡನೆಯದರಲ್ಲಿ 7. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಒಂದೇ ಊರು ಪಟ್ಟಿಯಲ್ಲಿ ಎರಡು ಸಲ ಕಂಡರೆ ಇದೇ ಕಾರಣವಿರಬೇಕು. ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ, ಎಲ್ಲವನ್ನೂ ಎನ್‌ಎಫ್‌ಸಿ ಎಂಬ, ಸಂಕೇತಗಳು ಕೂಡಿದ ಒಂದೇ ರೂಪಕ್ಕೆ ತನ್ನಿ. ಅರ್ಕಾವೊತ್ತು, ಅರ್ಧಾಕ್ಷರ ಬಿಡಿಸಿ ತೋರಿಸಲು ಸೇರಿಸಿದ ಕಾಣದ ಜೋಡಕ ಸಂಕೇತಗಳು ಅದರಿಂದ ಹೋಗುವುದಿಲ್ಲ, ಅವನ್ನು ಬೇರೆಯಾಗಿ ಹುಡುಕಿ.

ಅಗಲವನ್ನೂ ಅಳೆಯಿರಿ. ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಬಳ್ಳಾರಿ’ 7 ಸಂಕೇತ, 21 ಬೈಟ್. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ವಾರ್‌ಕ್ಯಾರ್ ಎಂಬ ಪಠ್ಯ ಕಾಲಮಿನ ಅಗಲವನ್ನು ಅಕ್ಷರದಲ್ಲಿ ಎಣಿಸುತ್ತವೆ. ಒರಾಕಲ್ ರೂಢಿಯಂತೆ ಬೈಟಿನಲ್ಲಿ ಎಣಿಸುತ್ತದೆ, ಅಲ್ಲಿ 20ರ ಕಾಲಮಿನಲ್ಲಿ ಬಳ್ಳಾರಿ ಹಿಡಿಯುವುದಿಲ್ಲ. ಟೇಬಲ್ ಕಾಲಮುಗಳಿಗೇ ಕನ್ನಡ ಹೆಸರಿಟ್ಟಿದ್ದರೆ ಪೋಸ್ಟ್‌ಗ್ರೆಸ್‌ನ ಹೆಸರಿನ ಮಿತಿ 63 ಬೈಟ್, ಅಂದರೆ 21 ಸಂಕೇತ. ಅದಕ್ಕಿಂತ ಉದ್ದದ್ದನ್ನು ಒಂದು ಸೂಚನೆ ಕೊಟ್ಟು ಕತ್ತರಿಸಿಬಿಡುತ್ತದೆ.

ಪ್ರಶ್ನೆ: ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ ವಿಳಾಸದ ಕಾಲಮ್ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ. ಫಾಂಟ್ ಹಾಕಿದರೆ ಸರಿಹೋಗುತ್ತದೆಯೇ? (ಸಿಂಧನೂರು)

ಹೋಗುವುದಿಲ್ಲ. ಕಾಲಮ್ ವಾರ್‌ಕ್ಯಾರ್ ಆಗಿದ್ದಾಗ, ಅಥವಾ ಯೂನಿಕೋಡ್ ಹಿಡಿಯುವ ಎನ್‌ವಾರ್‌ಕ್ಯಾರ್ ಆಗಿದ್ದೂ ಪ್ರೋಗ್ರಾಂ ಪಠ್ಯದ ಮುಂದೆ ‘ಎನ್’ ಹಾಕದಿದ್ದಾಗ, ಕನ್ನಡ ಒಳಗೆ ಹೋಗುವ ಹೊತ್ತಿಗೇ ಪ್ರಶ್ನಾರ್ಥಕವಾಗಿ ಬದಲಾಗಿದೆ. ಒಳಗಿರುವುದೇ ಪ್ರಶ್ನಾರ್ಥಕ. ಅರ್ಜಿಯ ಕಾಗದದಿಂದ ಮತ್ತೆ ತುಂಬುವುದೊಂದೇ ದಾರಿ, ಹಾಗಾಗಿ ಎಷ್ಟು ಸಾಲು ಎಂದು ಮೊದಲು ಎಣಿಸಿ. ಅಗಲ ಓದುವಾಗ ಗಮನಿಸಿ: ಸರ್ವರಿನ ಸಿಸ್ ಕಾಲಮ್ಸ್ ಎಂಬ ಪಟ್ಟಿ ಅಗಲವನ್ನು ಬೈಟಿನಲ್ಲಿ ಕೊಡುತ್ತದೆ, ಎನ್‌ವಾರ್‌ಕ್ಯಾರ್ 50 ಅಲ್ಲಿ 100 ಎಂದು ಕಾಣುತ್ತದೆ. ಸಿಸ್ ಫಾರಿನ್ ಕೀಸ್‌ನಲ್ಲಿ ‘ಈಸ್ ನಾಟ್ ಟ್ರಸ್ಟೆಡ್’ 1 ಇರುವ ಕೀಗಳನ್ನೂ ಪಟ್ಟಿ ಮಾಡಿ. ಹಳೆ ಸಾಲುಗಳು ಆ ಕೀಗೆ ಹೊಂದುತ್ತವೆಯೇ ಎಂದು ಸರ್ವರ್ ತಾಳೆ ನೋಡಿಲ್ಲ ಎಂದು ಅದರರ್ಥ.

ಪ್ರಶ್ನೆ: ಹತ್ತಿ ದಲಾಲಿ ಅಂಗಡಿಯ ಫಾಕ್ಸ್‌ಪ್ರೋ ಡಿಬಿಎಫ್ ಫೈಲುಗಳು. ಹಳೆ ಪ್ರೋಗ್ರಾಂ ತೋರಿಸುವುದಕ್ಕಿಂತ ಹೆಚ್ಚು ಪಟ್ಟಿಗಳು (ಬಿಲ್ಲುಗಳು) ಹೊಸದರಲ್ಲಿ ಬಂದಿವೆ. ಏಕೆ? (ರಾಯಚೂರು)

ಅಳಿಸಿದ ಸಾಲುಗಳೂ ಬಂದಿವೆ. ಡಿಬಿಎಫ್‌ನಲ್ಲಿ ಡಿಲೀಟ್ ಎಂದರೆ ಸಾಲಿನ ಮೊದಲ ಬೈಟಿನಲ್ಲಿ ನಕ್ಷತ್ರ ಚಿಹ್ನೆ ಬರೆಯುವುದಷ್ಟೇ, ಪ್ಯಾಕ್ ಮಾಡಿ ನಿಜವಾಗಿ ತೆಗೆಯುವವರೆಗೆ ಸಾಲು ಅಲ್ಲೇ ಇರುತ್ತದೆ. ನಕ್ಷತ್ರ ಇರುವ ಸಾಲುಗಳನ್ನು ಬೇರೆ ಟೇಬಲಿಗೆ ಹಾಕಿ, ಎಸೆಯಬೇಡಿ.

ಫೈಲ್ ತುಂಡಾಗಿಲ್ಲ ಎಂದು ಖಚಿತ ಮಾಡಿಕೊಳ್ಳಲು ಹೆಡರಿನ (ಫೈಲಿನ ಆರಂಭದ ವಿವರಗಳ) ಗಣಿತ ಸಾಕು. ಮೊದಲ ಬೈಟನ್ನು 0 ಎಂದು ಎಣಿಸಿದರೆ 4ರಿಂದ 7 ಸಾಲುಗಳ ಸಂಖ್ಯೆ, 8 ಮತ್ತು 9 ಹೆಡರಿನ ಉದ್ದ, 10 ಮತ್ತು 11 ಒಂದು ಸಾಲಿನ ಉದ್ದ. 14 ಕಾಲಮಿನ ಹಳೆ ಫಾಕ್ಸ್‌ಪ್ರೋ ಫೈಲಿನ ಹೆಡರ್ 481 ಬೈಟ್. ಸಾಲು 120 ಬೈಟಿನದಾಗಿ, 40,000 ಸಾಲುಗಳಿದ್ದರೆ ಕೊನೆಯ ಗುರುತಿನ ಒಂದು ಬೈಟೂ ಸೇರಿ ಫೈಲ್ 48,00,482 ಬೈಟ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಾಲದ ಸಾಲುಗಳು ಹೋಗಿವೆ, ಕರೆಂಟ್ ಹೋದಾಗ ಹೀಗಾಗುತ್ತದೆ. ಉದ್ದ ಪಠ್ಯ ಇಡುವ ಮೆಮೊ ಕಾಲಮ್ ಇದ್ದರೆ ಅದೇ ಹೆಸರಿನ ಎಫ್‌ಪಿಟಿ ಫೈಲ್ ಜೊತೆಗಿರಲೇಬೇಕು. ಸಂಖ್ಯೆಯ ಕಾಲಮಿನಲ್ಲಿ ಸಾಲಾಗಿ ನಕ್ಷತ್ರಗಳು ಕಂಡರೆ ಮೊತ್ತ ಕಾಲಮಿನ ಅಗಲ ಮೀರಿತ್ತು ಎಂದು ತಿಳಿಯಿರಿ. ಕನಿಷ್ಠ ದಿನಾಂಕ 1918 ಎಂದು ಬಂದರೆ, ವರ್ಷದ ಎರಡೇ ಅಂಕಿ ಒತ್ತಿದ 2018ರ ಪಟ್ಟಿ ಅದು.

ಪಾರ್ಟಿಗಳ ತೆರಿಗೆ ಸಂಖ್ಯೆಯ ಕಾಲಮನ್ನು ಉದ್ದದ ಮೇಲೆ ಗುಂಪು ಮಾಡಿ. 1 ಜುಲೈ 2017ಕ್ಕೆ ಜಿಎಸ್‌ಟಿ ಬಂದ ಮೇಲಿನದು 15 ಅಕ್ಷರ, ಅದಕ್ಕೂ ಹಿಂದಿನ ವ್ಯಾಟ್ ಟಿನ್ 11 ಅಂಕಿ. ಎರಡೂ ಕರ್ನಾಟಕದಲ್ಲಿ 29ರಿಂದಲೇ ಶುರು, ಆದ್ದರಿಂದ ಮೊದಲೆರಡು ಅಂಕಿ ನೋಡಿ ಬೇರ್ಪಡಿಸಲು ಆಗದು. ಎರಡು ಕಾಲಮ್ ಮಾಡಿ.

ಪ್ರಶ್ನೆ: ಜಿಲ್ಲೆ, ತಾಲ್ಲೂಕುಗಳ ಮಾಸ್ಟರ್ ಟೇಬಲಿನಲ್ಲಿ ಹೊಸಪೇಟೆ ಇನ್ನೂ ಬಳ್ಳಾರಿಯ ಕೆಳಗಿದೆ. ಸಾಗಿಸುವಾಗಲೇ ತಿದ್ದಿಬಿಡಲೇ? (ಸಂಡೂರು)

ತಿದ್ದಬೇಡಿ, ಕಾಲಾವಧಿ ಸೇರಿಸಿ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ, 2015ರ ಹೊಸಪೇಟೆಯ ಬಿಲ್ಲು ಬಳ್ಳಾರಿ ಜಿಲ್ಲೆಯದ್ದೇ. ಸಾಲನ್ನು ಮೇಲೆಮೇಲೆ ತಿದ್ದಿದರೆ ಹಳೆ ವರ್ಷಗಳ ಜಿಲ್ಲಾವಾರು ಮೊತ್ತ ಮುದ್ರಿತ ವರದಿಗೆ ತಾಳೆಯಾಗುವುದಿಲ್ಲ. ಹರಪನಹಳ್ಳಿ ಇನ್ನೂ ಕಷ್ಟದ್ದು: 1997ರಲ್ಲಿ ದಾವಣಗೆರೆಗೆ ಹೋಗಿ, ನಡುವೆ ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ತಾಲ್ಲೂಕಿನ ಸಂಕೇತ ಒಂದೇ ಇರಲಿ, ಜಿಲ್ಲೆಯ ನಂಟಿಗೆ ‘ಎಂದಿನಿಂದ, ಎಂದಿನವರೆಗೆ’ ಎಂಬ ಎರಡು ದಿನಾಂಕ ಇರುವ ಬೇರೆ ಟೇಬಲ್ ಮಾಡಿ. ಇಂಗ್ಲಿಷ್ ಕಾಗುಣಿತ 1 ನವೆಂಬರ್ 2014ರಿಂದ ಬದಲಾಗಿರುವುದರಿಂದ ಬಳ್ಳಾರಿ, ಹೊಸಪೇಟೆಗಳು ಪಠ್ಯ ಕಾಲಮುಗಳಲ್ಲಿ ಹಳೆ ಹೊಸ ಎರಡೂ ರೂಪದಲ್ಲಿ ಇರುತ್ತವೆ. ಬೇರೆಬೇರೆ ಮೌಲ್ಯಗಳ ಪಟ್ಟಿ ತೆಗೆದರೆ ಕೆಲವು ನಿಮಿಷದಲ್ಲಿ ಎಲ್ಲ ರೂಪಗಳೂ ಸಿಗುತ್ತವೆ.

ಪ್ರಶ್ನೆ: ಡಿಬೀವರ್ ಎಂಬ ಡೇಟಾಬೇಸ್ ಟೂಲಿನಲ್ಲಿ ಚಿತ್ರ ತೆಗೆದರೆ ಟೇಬಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬಿಡಿಬಿಡಿ ಚೌಕಗಳಾಗಿ ಬರುತ್ತವೆ. ಟೂಲ್ ಕೆಟ್ಟಿದೆಯೇ? (ಮಾನ್ವಿ)

ಟೂಲ್ ಸರಿಯಿದೆ, ಫಾರಿನ್ ಕೀಗಳೇ ಇಲ್ಲ. ಸಂಬಂಧವನ್ನು ಸಾಲುಗಳಿಂದ ಹೊರತೆಗೆಯಬೇಕು. ಒಂದು ಟೇಬಲಿನ ಕಾಲಮಿನಲ್ಲಿರುವ ಬೇರೆಬೇರೆ ಮೌಲ್ಯಗಳೆಲ್ಲ ಇನ್ನೊಂದು ಟೇಬಲಿನ ಪ್ರೈಮರಿ ಕೀಯಲ್ಲಿ (ಸಾಲನ್ನು ಗುರುತಿಸುವ ಕಾಲಮ್) ಸಿಗುತ್ತವೆಯೇ ಎಂದು ಲೆಫ್ಟ್ ಜಾಯಿನ್ (ಹೊಂದದ ಸಾಲನ್ನೂ ಉಳಿಸಿಕೊಂಡು ಎರಡು ಟೇಬಲ್ ಕೂಡಿಸುವ ಕ್ವೆರಿ) ಮಾಡಿ ಎಣಿಸಿ. ಎಲ್ಲವೂ ಸಿಕ್ಕರೆ ಸಂಬಂಧ ಇರುವ ಸಾಧ್ಯತೆ ಹೆಚ್ಚು. ಸಾವಿರದಲ್ಲಿ ಹತ್ತು ಸಿಗದಿದ್ದರೆ ಸಂಬಂಧ ಇತ್ತು, ಹತ್ತು ಅನಾಥವಾಗಿವೆ. ಸಣ್ಣ ಸಂಖ್ಯೆಗಳಲ್ಲಿ ಮೋಸ ಹೋಗಬೇಡಿ: 1ರಿಂದ 5ರವರೆಗಿನ ಯಾವ ಕಾಲಮಾದರೂ 1ರಿಂದ 500ರವರೆಗಿನ ಯಾವ ಕೀಗಾದರೂ ಹೊಂದಿಬಿಡುತ್ತದೆ. ಅಂಥ ಕಡೆ ಹಳೆ ಪ್ರೋಗ್ರಾಮಿನ ಜಾಯಿನ್ ಕ್ವೆರಿಯೇ ಸಾಕ್ಷಿ. ದೃಢವಾದ ಸಂಬಂಧಗಳನ್ನು ಡಿಬೀವರ್‌ನಲ್ಲೇ ವರ್ಚುವಲ್ ಫಾರಿನ್ ಕೀಯಾಗಿ ಗುರುತಿಸಿಕೊಳ್ಳಬಹುದು. ಅದರಿಂದ ಮೂಲ ಡೇಟಾಬೇಸಿಗೆ ಏನೂ ಆಗುವುದಿಲ್ಲ, ಚೌಕಗಳ ನಡುವೆ ಗೆರೆ ಮೂಡುತ್ತದೆ.